ಮಂಚದಿಂದ ಕಾಣದ ಹಳದಿ

ಪೇಂಟರ್ ಕಾಕಾರ ಎಡಗಿವಿಯ ಹಿಂದೆ ಸದಾ ಒಂದು ಬಣ್ಣ ಅಂಟಿಕೊಂಡಿರುತ್ತಿತ್ತು. ಕೆಲಸ ಮುಗಿಸಿ ಕೈ, ಮುಖ, ಕುತ್ತಿಗೆಯನ್ನೆಲ್ಲ ಸಾಬೂನು ಹಚ್ಚಿ ತಿಕ್ಕಿ ತೊಳೆಯುತ್ತಿದ್ದರು. ಸಣ್ಣ ಬ್ರಶ್ ಸಿಕ್ಕಿಸಿಕೊಳ್ಳುವ ಆ ಜಾಗ ಮಾತ್ರ ಅವರ ನೆನಪಿಗೇ ಬರುತ್ತಿರಲಿಲ್ಲ. ಈ ವಾರ ಯಾವ ಬಣ್ಣದ ಕೆಲಸವೆಂದು ಕೇಳಬೇಕಾಗಿರಲಿಲ್ಲ, ಕಿವಿ ನೋಡಿದರೆ ಸಾಕಿತ್ತು. ನಾನು ಮೊದಲು ಕಂಡ ದಿನ ಅಲ್ಲಿ ಬೂದು ಇತ್ತು.

ಆಗ ನಾನು ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ ಮೂರನೇ ಮಹಡಿಯ ನಮ್ಮ ಬಾಡಿಗೆ ಮನೆಯಲ್ಲಿ ಮಂಚ ಹಿಡಿದು ಮೂರು ತಿಂಗಳಾಗಿತ್ತು. ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಮೂಳೆ ಕೂಡಿದೆ, ಇನ್ನು ವಾಕರ್ ಹಿಡಿದು ನಿಲ್ಲಲೇಬೇಕು, ಈಗ ನಿಲ್ಲದಿದ್ದರೆ ಮುಂದೆ ಕಾಲು ನಿಮ್ಮ ಮಾತು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿ ಹದಿನೈದು ದಿನ ಕಳೆದಿತ್ತು. ನಾನು ನಿಲ್ಲಲಿಲ್ಲ. ಹೆದರಿಕೆ. ಸುಳ್ಳು ಯಾಕೆ ಹೇಳಲಿ, ನಿಂತಾದರೂ ಎಲ್ಲಿಗೆ ಹೋಗುವುದು ಎಂಬ ಉದಾಸೀನವೂ ಇತ್ತು. ನಮ್ಮವರು ನೌಪಾಡಾದ ಹೋಟೆಲಿಗೆ ಕೆಲಸಕ್ಕೆ ಹೊರಡುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದರು. ಎದ್ದು ಚಿಲಕ ತೆಗೆಯುವವರು ಯಾರಿದ್ದರು? ಮಧ್ಯಾಹ್ನ ಕೆಲಸದಾಕೆ ತನ್ನ ಕೀಲಿಯಿಂದ ತೆರೆದರೆ ಉಂಟು. ಇದ್ದ ಒಂದೇ ಕಿಟಕಿಯ ಎದುರಿಗೆ ನಾಲ್ಕು ಮಾರು ದೂರದಲ್ಲಿ ಪಕ್ಕದ ಬಿಲ್ಡಿಂಗಿನ ಗೋಡೆ, ಮಳೆಗೆ ನೆಂದು ನೆಂದು ಕಪ್ಪಾದದ್ದು. ದಿನವಿಡೀ ಅದನ್ನೇ ನೋಡಿ ನನ್ನ ಮನಸ್ಸಿಗೂ ಪಾಚಿ ಹಿಡಿದಿತ್ತು.

ಒಂದು ಬೆಳಿಗ್ಗೆ ಆ ಗೋಡೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಮೇಲಿನಿಂದ ಎರಡು ಕಾಲು ಇಳಿದು ಬಂದವು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಒಬ್ಬ ಮನುಷ್ಯ ಕೂತಿದ್ದ.

“ಯಾರನ್ನ ಬೈಯಾಕತ್ತೀರಿ ಅಕ್ಕಾರ? ನಾ ಇವತ್ತಿನ ಕೆಲಸಾನ ಇನ್ನೂ ಶುರು ಮಾಡಿಲ್ಲ.”

“ನಿಮಗಲ್ಲ ಮಾರಾಯ್ರೆ, ಗೋಡೆಗೆ,” ಎಂದೆ ನಾಚಿಕೆಯಿಂದ.

ಅವರೇ ಪೇಂಟರ್ ಕಾಕಾ, ವಿಜಯಪುರದ ಕಡೆಯವರು. ಕಲ್ಯಾಣದಿಂದ ಠಾಣೆವರೆಗಿನ ಗೋಡೆಗಳಿಗೆ ನೇತಾಡಿಯೇ ತಲೆ ನರೆತಿತ್ತು. ಆ ಬಿಲ್ಡಿಂಗಿನ ಸೊಸೈಟಿಯವರು ಬೂದು ಬಣ್ಣ ಆರಿಸಿದ್ದರು, ಕೊಳೆ ಕಾಣುವುದಿಲ್ಲವೆಂದು. “ಕೊಳಿ ಕಾಣಂಗಿಲ್ಲ ಖರೆ. ಮತ್ತೇನೂ ಕಾಣಂಗಿಲ್ಲ,” ಎಂದರು ಕಾಕಾ. ನನ್ನ ಕಾಲಿನ ಕಥೆಯನ್ನೆಲ್ಲ ಕೇಳಿಕೊಂಡು, ನಿಮ್ಮ ಕೋಣೆಯ ಒಳಗೋಡೆಗಾದರೂ ಒಂದು ಬಣ್ಣ ಆರಿಸೋಣ ಎಂದರು.

“ಎಂತದ್ದೂ ಬೇಡ. ನನಗೆ ಎಲ್ಲ ಒಂದೇ.”

“ಅಂಗಡ್ಯಾಗಿನ ಕಾರ್ಡ್ ನೋಡಿ ಆರಿಸಿದ್ರ ಎಲ್ಲಾ ಒಂದ ರೀ. ಬಣ್ಣದ ಜೋಡಿ ಒಂದು ದಿನರ ಸಂಸಾರ ಮಾಡಿ ನೋಡಬೇಕು.”

ಇದು ಅವರ ಪದ್ಧತಿ. ಯಾರ ಮನೆಯಾದರೂ ಸರಿ, ಉಳಿದ ಡಬ್ಬಿಯ ಬಣ್ಣವನ್ನು ಅಂಗೈಯಗಲ ಹಚ್ಚಿ, ಬೆಳಗು, ಮಧ್ಯಾಹ್ನ, ಸಂಜೆ ನೋಡಿರೆಂದು ಬಿಟ್ಟುಬಿಡುತ್ತಿದ್ದರು. ನನಗಾಗಿ ಎದುರುಗೋಡೆಯ ಮೇಲೆಯೇ ಹಚ್ಚಿದರು. ಮೊದಲ ದಿನ ನೀಲಿ. ಬೆಳಿಗ್ಗೆ ಚಂದವಿತ್ತು, ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಪರದೆಯಂತೆ ಕಂಡು ಅಳು ಬಂತು. “ಹಂಗಾರ ಅದು ನಿಮ್ಮದಲ್ಲ ಬಿಡ್ರಿ,” ಎಂದರು. ಮರುದಿನ ಎಳೆಹಸಿರು. ಅವತ್ತು ರಾತ್ರಿ ನಾನೇ ಕೇಳಿ ಇನ್ನೊಂದು ಚಪಾತಿ ಹಾಕಿಸಿಕೊಂಡೆ. ನಮ್ಮವರು ನನ್ನ ಮುಖವನ್ನೇ ನೋಡಿದರು.

ಮೂರನೇ ದಿನ ಹೊಸ ಬಣ್ಣವೇ ಕಾಣಲಿಲ್ಲ.

“ಇವತ್ತಿನದ್ದು ಎಲ್ಲಿ?”

“ಹಚ್ಚೀನಲ್ರಿ. ಭಾಳ ಚೊಲೊ ಬಂದದ. ಸ್ವಲ್ಪ ಕೆಳಗ ಅದ.”

“ಇಲ್ಲಿಂದ ಕಾಣುವುದಿಲ್ಲ.”

“ಹೌದ್ರಿ, ಮಂಚದ ಮ್ಯಾಲಿಂದ ಕಾಣಂಗಿಲ್ಲ,” ಎಂದವರೇ ಹಗ್ಗ ಸಡಿಲಿಸಿ ಕೆಳಗಿಳಿದುಬಿಟ್ಟರು.

ಎಂಥ ಸಿಟ್ಟು ಬಂತೆಂದರೆ! ಕಾಲಿಲ್ಲದವಳ ಹತ್ತಿರ ಈ ಚೇಷ್ಟೆಯೇ? ನೋಡುವುದಿಲ್ಲ ಎಂದುಕೊಂಡೆ. ಒಂದು ಗಂಟೆ ನೋಡದೆ ಇದ್ದೆ. ಆಮೇಲೆ ವಾಕರ್ ಎಳೆದುಕೊಂಡೆ. ಬಿದ್ದರೆ ಎತ್ತುವವರಿಲ್ಲ, ಬಾಗಿಲಿಗೆ ಬೀಗ. ಕಿಟಕಿಗೆ ಎರಡೇ ಹೆಜ್ಜೆ, ಮೈಯೆಲ್ಲ ಬೆವರಿತು. ಗ್ರಿಲ್ ಹಿಡಿದು ಬಗ್ಗಿ ನೋಡಿದರೆ, ಆ ಸಂದಿಯೊಳಗೆ ಬಿಸಿಲು ಬೀಳುವ ಒಂದೇ ಒಂದು ಜಾಗದಲ್ಲಿ ಸೇವಂತಿಗೆ ಹಳದಿ. ಅದರ ಪಕ್ಕದಲ್ಲೇ ಕಾಕಾ ಮುಖ ಮೇಲೆ ಮಾಡಿ ಕಾಯುತ್ತಿದ್ದರು.

“ಉಸುರು ಬಿಡ್ರಿ ಅಕ್ಕಾರ,” ಎಂದರು.

ವಾರದೊಳಗೆ ಇಡೀ ಗೋಡೆ ಬೂದಾಯಿತು. ನೀಲಿ ಹೋಯಿತು, ಹಸಿರು ಹೋಯಿತು. ಹಳದಿಯೂ ಹೋಯಿತೇ ಎಂದು ಎದ್ದು ಹೋಗಿ ಬಗ್ಗಿ ನೋಡಿದೆ. ಹಳದಿ ಹಾಗೆಯೇ ಇತ್ತು, ಸುತ್ತ ಬೂದು ಬಳಿದಿದ್ದರು. ಕೇಳಿದ್ದಕ್ಕೆ “ಮರ್ತ ಹೋತ್ರಿ,” ಎಂದರು. ಕಿವಿಯ ಹಿಂದಿನದನ್ನು ಮರೆಯುವವರು, ನಂಬಿದಂತೆ ಮಾಡಿದೆ.

ನಮ್ಮ ಒಳಗೋಡೆಗೆ ಕೊನೆಗೂ ಬಣ್ಣ ಬೀಳಲಿಲ್ಲ. ಮನೆಯ ಮಾಲೀಕರು ಒಪ್ಪಲಿಲ್ಲ. ನಡೆಯತೊಡಗಿದ ಮೇಲೆ ಸ್ಟೇಷನ್ನಿನ ಹತ್ತಿರ ಕಾಕಾ ಸಿಗುತ್ತಿದ್ದರು, ನಾನು ಮೊದಲು ಅವರ ಕಿವಿ ನೋಡುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ನೀವು ನನ್ನನ್ನು ಎಬ್ಬಿಸಿದಿರಿ ಎಂದು ಒಂದು ದಿನವೂ ಹೇಳಲಿಲ್ಲ. ನನ್ನ ಬಾಯಿಗೆ ಬೈಗುಳ ಬಂದಷ್ಟು ಸಲೀಸಾಗಿ ಆ ಮಾತು ಬರಲಿಲ್ಲ.

ಹೋದ ವರ್ಷ ಅವರು ಕೆಮ್ಮಿ ಕೆಮ್ಮಿ ಹೋದರಂತೆ, ಕಲ್ಯಾಣದಲ್ಲಿ. ಅವರ ಜೊತೆಯವರೊಬ್ಬರು ಹೇಳಿದಾಗ ಮಣ್ಣಾಗಿ ಆಗಲೇ ನಾಲ್ಕು ದಿನ. ಮನೆಗೆ ಬಂದು ಮಲಗಿದವಳು ಎರಡು ದಿನ ಏಳಲಿಲ್ಲ. ಅದೇ ಮಂಚ, ಅದೇ ಬೀಗ, ಎದುರಿಗೆ ಅದೇ ಗೋಡೆ. ಬೂದು ಮತ್ತೆ ಕಪ್ಪಾಗತೊಡಗಿತ್ತು. ಮೂರನೇ ಬೆಳಿಗ್ಗೆ ಎದ್ದು ಗ್ರಿಲ್ ಹಿಡಿದು ಬಗ್ಗಿದೆ.

ಹಳದಿ ಅಲ್ಲೇ ಇದೆ. ಮಲಗಿದರೆ ಇವತ್ತಿಗೂ ಕಾಣುವುದಿಲ್ಲ.