ಕಾಯಿಲ್ ಸುಟ್ಟಿರಲಿಲ್ಲ
ಹತ್ತನೇ ತರಗತಿಗೆ ವಿದ್ಯುತ್ತಿನ ಪಾಠ ಮಾಡುತ್ತ ನನಗೆ ಹದಿನೇಳು ವರ್ಷಗಳಾದವು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ಸಾಮರ್ಥ್ಯ ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಕೋಲಸಿರ್ಸಿಯ ನಮ್ಮ ಮನೆಯ ಯಾವ ಯಂತ್ರಕ್ಕೂ ಆ ಲೆಕ್ಕ ಹಾಕಿ ನೋಡಿರಲಿಲ್ಲ. ಹಾಕಿದ್ದು ಒಬ್ಬಳ ಮೇಲೆ ತಪ್ಪು ಹೊರಿಸಿ ಆದಮೇಲೆ.

ನಾವು ಐದು ಜನ ಹೆಂಗಸರು ಸೇರಿ ಸುಕೇಳಿ ಮಾಡುತ್ತೇವೆ. ಹಣ್ಣಾದ ಬಾಳೆಯನ್ನು ಸುಲಿದು ಒಣಗಿಸುವ ಕೆಲಸ. ಎರಡು ವರ್ಷದ ಹಿಂದೆ ಅದಕ್ಕಾಗಿ ಕರೆಂಟಿನ ಡ್ರೈಯರ್ ತಂದೆವು. ಕಪಾಟಿನಂಥ ಪೆಟ್ಟಿಗೆ, ಒಳಗೆ ಜಾಲರಿಯ ತಟ್ಟೆಗಳು, ಅಡಿಯಲ್ಲಿ ಕಾಯುವ ಕಾಯಿಲ್, ಹಿಂದೊಂದು ಫ್ಯಾನು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದೇವೆ. ನಾನು ಸಿದ್ದಾಪುರದ ಶಾಲೆಗೆ ಹೊರಟ ಮೇಲೆ ಅದನ್ನು ನೋಡಿಕೊಳ್ಳುತ್ತಿದ್ದವಳು ನಮ್ಮ ಐವರಲ್ಲೊಬ್ಬಳಾದ ಗದ್ದೆಯಾಚೆಯ ಮನೆಯವಳು. ನನಗಿಂತ ಚಿಕ್ಕವಳು, ಏಳನೇ ತರಗತಿಗೆ ಶಾಲೆ ಬಿಟ್ಟವಳು. ತಟ್ಟೆ ತೊಳೆಯುವುದು, ಹೊತ್ತಿಗೆ ಸರಿಯಾಗಿ ಹಣ್ಣು ಮಗುಚುವುದು ಎಲ್ಲ ಅವಳದೇ.

ಮಾರ್ಚ್ ತಿಂಗಳಲ್ಲಿ ಹಣ್ಣು ಒಣಗುವುದು ನಿಧಾನವಾಯಿತು. ಎರಡು ದಿನವಾದರೂ ಒಳಗೆ ಹಸಿ. ಒಂದು ಸಲ ಎಂಟು ತಟ್ಟೆ ಹಣ್ಣು ಹುಳಿ ನಾತ ಬಂದು ದನಕ್ಕೆ ಹಾಕಬೇಕಾಯಿತು. ಅವತ್ತು ಸಂಜೆ ಐದೂ ಜನ ಆ ಕೋಣೆಯಲ್ಲೇ ಇದ್ದೆವು.

ನನ್ನ ಓರಗಿತ್ತಿ ನನ್ನ ಕಡೆ ನೋಡಿ, ಗದ್ದೆಯಾಚೆಯ ಮನೆಯವಳತ್ತ ಕೈ ತೋರಿಸಿ, "ತಟ್ಟೆ ತೊಳದು ನೀರು ಬಸಿಯದ್ದೆ ಇಡ್ತು ಅದು. ನೀರು ಬಿದ್ದು ಕಾಯಿಲ್ ಸುಟ್ಟು ಹೋಯ್ದು" ಎಂದಳು.

ನಾನು ಅವಳತ್ತ ತಿರುಗಿದೆ. "ಒದ್ದೆ ತಟ್ಟೆ ಇಟ್ಟಿದ್ಯೇನೇ?"

"ಇಲ್ಲ ಅಕ್ಕೋರೆ. ಒರ್ಸೇ ಇಡ್ತೀನಿ." ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ.

"ಹಂಗಾದ್ರೆ ಸುಮ್ನೆ ಹಾಳಾಯ್ತಾ ಅದು?"

ಹೋಂವರ್ಕ್ ಮಾಡದ ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದ್ದೆ. ಅವಳು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡಿ ತಂತಿಗೆ ಹಾಕಿ ಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಹೊಸ ಕಾಯಿಲ್ ಬೇಕೆಂದು ಸಿರ್ಸಿಯ ರಿಪೇರಿಯವನಿಗೆ ಫೋನ್ ಮಾಡಿದೆ. "ಈಗ ಎಷ್ಟು ಆಂಪಿಯರ್ ಎಳೀತದೆ ನೋಡಿದ್ರಾ ಮೇಡಂ?" ಎಂದು ಕೇಳಿದ. ನೋಡಿರಲಿಲ್ಲ. ನೋಡಿ ಹೇಳುತ್ತೇನೆಂದು ಫೋನಿಟ್ಟೆ.

ಶಾಲೆಗೆ ವೈರಿಂಗ್ ಮಾಡಲು ಬಂದಿದ್ದವರಿಂದ ಕ್ಲಾಂಪ್ ಮೀಟರ್ ಕೇಳಿ ತಂದೆ. ಅದರ ದವಡೆಯೊಳಗೆ ತಂತಿ ಹಿಡಿದರೆ ಸಾಕು, ಎಷ್ಟು ಕರೆಂಟು ಹರಿಯುತ್ತಿದೆ ಎಂದು ತೋರಿಸುತ್ತದೆ. ಭಾನುವಾರ ಮಧ್ಯಾಹ್ನ ಹಿಡಿದರೆ ಸೊನ್ನೆ ಬಂತು. ಕಾಯಿಲ್ ಸತ್ತೇ ಹೋಗಿದೆ ಎಂದುಕೊಂಡೆ. ಆದರೆ ಪೆಟ್ಟಿಗೆ ಬೆಚ್ಚಗಿತ್ತು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಟ್ಟಿಗೆ ಹಿಡಿದಿದ್ದೆ. ಒಂದರದು ಇನ್ನೊಂದಕ್ಕೆ ವಜಾ ಆಗಿತ್ತು. ಕಾಯಿಲಿನ ಒಂದೇ ತಂತಿ ಹಿಡಿದಾಗ ಆರೂವರೆ ಆಂಪಿಯರ್. ಪ್ಲಗ್ಗಿನಲ್ಲಿ ವೋಲ್ಟೇಜು ನೂರಾ ಎಪ್ಪತ್ತೆರಡು.

ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ನೂರಾ ಎಪ್ಪತ್ತೆರಡನ್ನು ಆರೂವರೆಯಿಂದ ಭಾಗಿಸಿದರೆ ಇಪ್ಪತ್ತಾರೂವರೆ ಓಮ್. ಪೆಟ್ಟಿಗೆಯ ತಗಡಿನ ಮೇಲೆ ಇನ್ನೂರ ಮೂವತ್ತು ವೋಲ್ಟ್, ಎರಡು ಸಾವಿರ ವ್ಯಾಟ್ ಎಂದು ಬರೆದಿತ್ತು. ಅದರ ಪ್ರಕಾರವೂ ರೋಧ ಇಪ್ಪತ್ತಾರೂವರೆಯ ಹತ್ತಿರವೇ. ಕಾಯಿಲಿಗೆ ಏನೂ ಆಗಿರಲಿಲ್ಲ. ಆದರೆ ವೋಲ್ಟೇಜು ಇಳಿದರೆ ಕರೆಂಟೂ ಇಳಿಯುತ್ತದೆ; ಎರಡನ್ನೂ ಗುಣಿಸಿದಾಗ ಸಿಕ್ಕಿದ್ದು ಸಾವಿರದ ನೂರಾ ಹದಿನೆಂಟು ವ್ಯಾಟ್. ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಹಣ್ಣು ಹುಳಿಯದೆ ಇನ್ನೇನಾದೀತು? ಬೇಸಿಗೆಯಲ್ಲಿ ಹಗಲು ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ, ನಮ್ಮ ಮನೆ ಲೈನಿನ ಕೊನೆಯಲ್ಲಿದೆ. ಮಾರನೆಯ ದಿನ ಬೆಳಗ್ಗೆ ಐದೂವರೆಗೆ, ಪಂಪುಗಳು ಶುರುವಾಗುವ ಮೊದಲು, ಅಳೆದು ನೋಡಿದೆ. ವೋಲ್ಟೇಜು ಇನ್ನೂರ ಇಪ್ಪತ್ನಾಲ್ಕು, ಕರೆಂಟು ಎಂಟೂವರೆ. ರೋಧ ಹೆಚ್ಚುಕಡಿಮೆ ಅಷ್ಟೇ.

ಶಾಲೆಗೆ ಹೋಗುವ ಮೊದಲೇ ಗದ್ದೆ ದಾಟಿ ಅವಳ ಮನೆಗೆ ಹೋದೆ. ಅವಳು ಕೊಟ್ಟಿಗೆಯಿಂದ ಹುಲ್ಲಿನ ಬುಟ್ಟಿ ಹಿಡಿದು ಹೊರಗೆ ಬಂದಳು.

"ಕಾಯಿಲ್ ಸುಟ್ಟಿಲ್ಲ. ನಿಂದು ಎಂತದೂ ತಪ್ಪಿಲ್ಲ" ಎಂದೆ.

"ಅದನ್ನ ನಾ ಅವತ್ತೇ ಹೇಳಿದ್ನಲ್ಲ ಅಕ್ಕೋರೆ."

ಲೆಕ್ಕ ವಿವರಿಸಬೇಕೆಂದು ಕ್ಯಾಲೆಂಡರಿನ ಹಾಳೆಯನ್ನೂ ಒಯ್ದಿದ್ದೆ. ಅದನ್ನು ಚೀಲದಿಂದ ತೆಗೆಯಲಿಲ್ಲ. "ಹೌದು, ಹೇಳಿದ್ದೆ. ನಾ ಕೇಳಲಿಲ್ಲ. ತಪ್ಪಾಯ್ತು" ಎಂದೆ.

ಅವಳು ಬುಟ್ಟಿ ಕೆಳಗಿಟ್ಟಳು. "ನಂಗೆ ಹೇಳಿದ್ದು ಎಲ್ರ ಎದ್ರಿಗೆ. ಇದ್ನೂ ಎಲ್ರ ಎದ್ರಿಗೇ ಹೇಳಿ."

ಅಂದು ಸಂಜೆ ಐದೂ ಜನ ಸೇರಿದಾಗ ಹೇಳಿದೆ. ನನ್ನ ಓರಗಿತ್ತಿ ಅವಳತ್ತ ತಿರುಗಿ, "ನಾನೂ ನೋಡದೇ ಹೇಳಿಬಿಟ್ಟೆ ಮಾರಾಯ್ತಿ" ಎಂದಳು. ಗದ್ದೆಯಾಚೆಯವಳು ಮೀಟರಿಗಾಗಿ ಕೈ ಚಾಚಿದಳು. ಒಂದೇ ತಂತಿಯನ್ನು ಬೇರ್ಪಡಿಸಿ ಹಿಡಿಯುವುದನ್ನು ತೋರಿಸಿಕೊಟ್ಟೆ. ಓದಿದಳು, ಭಾಗಾಕಾರವನ್ನೂ ತಾನೇ ಮಾಡಿದಳು. ನಿಧಾನವಾಗಿ ಮಾಡಿದಳು, ಉತ್ತರ ಸರಿಯಿತ್ತು.

ಅಂದಿನಿಂದ ಡ್ರೈಯರ್ ನಸುಕಿಗೇ, ವೋಲ್ಟೇಜು ಪೂರ್ತಿ ಇರುವಾಗಲೇ, ಶುರುವಾಗುತ್ತದೆ. ಸ್ವಿಚ್ ಹಾಕುವುದು ನಾನು, ಹಗಲು ನೋಡಿಕೊಳ್ಳುವುದು ಮೊದಲಿನಂತೆ ಅವಳು. ಆ ಬೇಸಿಗೆಯಲ್ಲಿ ಮತ್ತೆ ಹಣ್ಣು ಕೆಡಲಿಲ್ಲ. ಕೆಲಸಕ್ಕೆ ಒಂದು ದಿನವೂ ತಪ್ಪಿಸಲಿಲ್ಲ ಅವಳು. ಆದರೆ ಕೆಲಸ ಮುಗಿದ ಮೇಲೆ ಮೊದಲಿನ ಹಾಗೆ ಕುಳಿತು ನನ್ನೊಡನೆ ಚಾ ಕುಡಿದು ಹೋಗಲು ಅವಳಿಗೆ ಮನಸ್ಸಾದದ್ದು ಮಳೆ ಹಿಡಿದ ಮೇಲೆಯೇ.