ಷರಾ ಕಾಲಮ್ಮಿನಲ್ಲಿ ಬರೆದದ್ದು

ಕಂಬದೂರಿನ ಕಡೆ ಆ ಕಥೆಯನ್ನು ಹೇಳುವುದು ಹೀಗೆ: ಮೇಕೆಗೆ ಸೊಪ್ಪು ಕಡಿಯುವಾಗ ಮಚ್ಚು ಜಾರಿ ಒಬ್ಬನ ಕಾಲು ಸೀಳಿತು, ಆಂಬ್ಯುಲೆನ್ಸ್ ಡ್ರೈವರ್ ದೇವರ ಹಾಗೆ ಬಂದ, ಜೀವ ಉಳಿಯಿತು. ಡ್ರೈವರ್ ಮೇಲೆ ನನಗೆ ತಕರಾರಿಲ್ಲ. ತಕರಾರಿರುವುದು ಕಥೆ ಹಾರಿಸಿಬಿಡುವ ಹೊತ್ತಿನ ಬಗ್ಗೆ. ಫೋನ್ ಬಂದದ್ದಕ್ಕೂ ಗಾಡಿ ತಲುಪಿದ್ದಕ್ಕೂ ನಡುವೆ ಇಪ್ಪತ್ತೆರಡು ನಿಮಿಷ ಇತ್ತು. ಅಷ್ಟು ಹೊತ್ತೂ ರಕ್ತ ದೇವರಿಗಾಗಿ ಕಾದು ನಿಂತಿತ್ತೇ?

ಹಿಂದೂಪುರದ ಕರೆ ಕೊಠಡಿಯಲ್ಲಿ ಆ ಫೋನ್ ಎತ್ತಿದವಳು ನಾನು. ಮಾತಾಡಿದ್ದು ಗಾಯಗೊಂಡವನ ಹೆಂಡತಿ. ಎಲ್ಲಿದ್ದೀರಿ ಎಂದರೆ "ಕುರಿ ನೀರು ಕುಡಿಯೋ ತೊಟ್ಟಿ ತಾವ" ಎಂದಳು. ಯಾವ ತೊಟ್ಟಿ ಎಂಬುದು ಪರದೆಯ ಮೇಲಿನ ನಕ್ಷೆಗೆ ಗೊತ್ತಿರಲಿಲ್ಲ. ಕಲ್ಯಾಣದುರ್ಗದವಳಾದ ನನಗೆ ಗೊತ್ತಿತ್ತು. ಗಾಡಿ ಕಳಿಸಿದೆ.

"ರಕ್ತ ನಿಲ್ತಾನೇ ಇಲ್ಲ ಕಣಮ್ಮ, ಏಂ ಚೆಯ್ಯಾಲಿ, ಏನ್ ಮಾಡ್ಲಿ?"

"ಗಾಡಿ ಹೊಂಟೈತೆ ಕಣಕ್ಕ. ಟವಲ್ ಇದ್ರೆ ಮಡಚಿ ಗಾಯದ ಮ್ಯಾಲಿಟ್ಟು ಒತ್ತು. ಎರಡೂ ಕೈಲಿ."

"ಟವಲ್ ಎಲ್ಲಿ ಬಿತ್ತೋ... ಇರು, ಸಿಕ್ತು. ಅಯ್ಯೋ, ನೋಯ್ತದೆ ಅಂತ ನನ್ನೇ ಬೈತಾವ್ನೆ!"

"ಬೈಲಿ ಬಿಡಕ್ಕ, ಬೈಯಾಕೆ ಉಸಿರೈತಲ್ಲ. ಟವಲ್ ಎತ್ತಿ ನೋಡ್ಬ್ಯಾಡ."

ಡ್ರೈವರ್ ಸದ್ದು ಕೇಳುವವರೆಗೂ ನಾನು ಲೈನಿನಲ್ಲೇ ಇದ್ದೆ.

ನಮ್ಮ ಪರದೆಯಲ್ಲಿ ಕರೆ ಮಾಡಿದವರ ಹೆಸರಿಗೆ, ಊರಿಗೆ, ಗಾಡಿ ನಂಬರಿಗೆ, ಸಮಯಕ್ಕೆ ಕಾಲಮ್ಮುಗಳಿವೆ. ನಾವು ಹೇಳಿದ ಮಾತಿಗೆ ಇಲ್ಲ. ಹಾಗಾಗಿ ಕೊನೆಯ ಷರಾ ಕಾಲಮ್ಮಿನಲ್ಲಿ ಬರೆದೆ: "ಗಾಯ ಒತ್ತಿ ಹಿಡಿಸಿದೆ, ಗಾಡಿ ಬರುವವರೆಗೂ ಮಾತಾಡಿದೆ." ಮೂರನೆಯ ದಿನ ತೆಲುಗಿನಲ್ಲಿ ಟೈಪಾದ ಮೆಮೊ ಬಂತು. ಗಾಡಿ ಕಳಿಸಿದ ಮೇಲೆ ಡಾಟಾ ಎಂಟ್ರಿ ಆಪರೇಟರ್, ಅಂದರೆ ನಾನು, ಕರೆ ಮುಗಿಸಬೇಕು. ಇಪ್ಪತ್ತೆರಡು ನಿಮಿಷ ಅನಗತ್ಯವಾಗಿ ಮಾತಾಡಿದ್ದಕ್ಕೆ ಸಮಜಾಯಿಷಿ ಕೊಡಿ.

ಪಕ್ಕದ ಸೀಟಿನವಳು ನಕ್ಕಳು. "ಷರಾ ತುಂಬಿಸ್ತಾರೇನೇ, ಪಿಚ್ಚಿ? ಹುಚ್ಚಾ ನಿಂಗೆ? ನಾವೆಲ್ರೂ ಹೇಳ್ತೀವಿ. ಯಾರೂ ಬರಿಯಾಕಿಲ್ಲ."

ಬರೆದದ್ದನ್ನು ಅಳಿಸಿದೆ. ಆಮೇಲೆ ನಾನೂ ಬರೆಯಲಿಲ್ಲ.

ಕಳೆದ ತಿಂಗಳು ಕಲ್ಯಾಣದುರ್ಗದ ಆಸ್ಪತ್ರೆಯೊಂದು ತುರ್ತು ಕರೆ ನಿರ್ವಹಿಸುವ ಕಾಯಂ ಹುದ್ದೆಗೆ ಅರ್ಜಿ ಕರೆಯಿತು. ತುರ್ತು ಸೇವೆಯಲ್ಲಿ ಮೂರು ವರ್ಷದ ಅನುಭವ ಬೇಕಂತೆ. ನನಗೆ ನಾಲ್ಕು ವರ್ಷವಾಗಿದೆ. ಆದರೆ ನನ್ನ ಅನುಭವ ಪತ್ರದ ಪ್ರಕಾರ ನಾನು ನಾಲ್ಕು ವರ್ಷ ಟೈಪು ಮಾಡಿದ್ದೇನೆ, ಅಷ್ಟೇ. ತಿದ್ದಿಸಿಕೊಳ್ಳಲು ನಮ್ಮ ಸೂಪರಿಂಟೆಂಡೆಂಟರ ಮುಂದೆ ಹೋಗಿ ನಿಂತೆ. ಕೆಟ್ಟ ಮನುಷ್ಯರಲ್ಲ. ಕೂರಿಸಿ ಟೀ ತರಿಸಿದರು.

"ನೀನು ಎಂಟ್ರಿ ಮಾಡ್ತೀಯೋ ಇಲ್ವೋ ಕಣಮ್ಮ?"

"ಮಾಡ್ತೀನಿ ಸಾರ್."

"ಮತ್ತೆ? ಅದನ್ನೇ ಬರ್ದಿದೀವಿ."

"ಡ್ರೈವರೂ ಟ್ರಿಪ್ ಶೀಟ್ ಬರೀತಾರೆ ಸಾರ್. ಅವ್ರನ್ನ ಗುಮಾಸ್ತ ಅಂತೀರಾ?"

"ಕಾಲೇಜಲ್ಲಿ ಡಿಬೇಟ್ ಕಪ್ ಹೊಡ್ದೋಳು ಅಂತ ಗೊತ್ತು ಬಿಡು," ಎಂದು ನಕ್ಕರು. "ವಾದ ಬ್ಯಾಡ, ರುಜುವಾತು ತಾ. ಎಂಟ್ರಿ ಬಿಟ್ಟು ಬೇರೆ ಏನ್ ಮಾಡಿದ್ದೀಯ, ರೆಕಾರ್ಡಲ್ಲಿ ತೋರ್ಸು. ನಾನೇ ಸೈನ್ ಹಾಕ್ತೀನಿ."

ವೇದಿಕೆಯ ಮೇಲೆ ಇಂಥ ಸವಾಲಿಗೆ ನಾನು ತಡವರಿಸಿದವಳಲ್ಲ. ಅವರು ತಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನಾಲ್ಕು ವರ್ಷದ ನನ್ನ ಕರೆಗಳು ಸಾಲಾಗಿ ಇಳಿದವು, ಷರಾ ಕಾಲಮ್ಮು ಖಾಲಿ, ಖಾಲಿ, ಖಾಲಿ. ಬಾಯಿ ಮುಚ್ಚಿಕೊಂಡು ಕೆಲಸ ಮಾಡುವ ಜಾಣತನ ಎಂದುಕೊಂಡಿದ್ದೆ; ನನ್ನ ಸಾಕ್ಷಿಯನ್ನು ನಾನೇ ಅಳಿಸುತ್ತಾ ಬಂದಿದ್ದೆ. ಸಿಟ್ಟು ಅವರ ಮೇಲೆ ಬಂತೋ ನನ್ನ ಮೇಲೋ, ಈಗಲೂ ಹೇಳಲಾರೆ.

ಆಗ ನೆನಪಾಯಿತು. ಬ್ಯಾಗಿನಲ್ಲಿ ಕಾಗದಪತ್ರದ ಕವರಿತ್ತು, ಅದರೊಳಗೆ ಆ ಮೆಮೊ ಇತ್ತು. ನಾನು ಬರೀ ಟೈಪು ಮಾಡಲಿಲ್ಲ ಎಂದು ಸರ್ಕಾರಿ ಮೊಹರಿನೊಂದಿಗೆ ಹೇಳುವ ಒಂದೇ ಕಾಗದ. ಕೆಳಗೆ ಅವರದೇ ಸಹಿ. ಟೀ ಲೋಟದ ಪಕ್ಕ ಇಟ್ಟೆ.

ಎರಡು ಸಲ ಓದಿದರು. "ಇದು ಬೇರೆ ವಿಷ್ಯ ಕಣಮ್ಮ," ಎಂದರು.

"ಅರ್ಜಿಗೆ ನಾಳೆ ಕಡೇ ದಿನ ಸಾರ್."

ಅವರು ಕಂಪ್ಯೂಟರನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. ನಾನು ಎದ್ದು ನಿಂತೆ, ಹೋಗಲಿಲ್ಲ.

"ಆವತ್ತು ಮಾಡಿದ್ದು ನನ್ನ ಕೆಲ್ಸ ಆಗಿದ್ರೆ ಪತ್ರದಲ್ಲಿ ಬರ್ಕೊಡಿ. ಅಲ್ಲ ಅನ್ನೋದಾದ್ರೆ ಇದೊಂದು ಹೇಳಿ ಸಾರ್: ಆ ಅಕ್ಕ ಟವಲ್ ಹುಡುಕ್ತಿದ್ದಾಗ ನಾನು ಫೋನ್ ಇಟ್ಬುಡಬೇಕಿತ್ತಾ?"