ಹವಾಲ್ದಾರರೂ ಚಂದ್ರುವೂ

ನಮ್ಮ ಹವಾಲ್ದಾರರು ಕೈಯಲ್ಲಿ ಹಗ್ಗವಿಲ್ಲದಿದ್ದರೂ ಹಗ್ಗ ಹಿಡಿದವರಂತೆ ನಡೆಯುತ್ತಿದ್ದರು. ಬಲಗೈ ಮುಷ್ಟಿ ಎದೆಮಟ್ಟಕ್ಕೆ ಬಂದಿರುತ್ತಿತ್ತು, ನಾಲ್ಕು ಹೆಜ್ಜೆಗೊಮ್ಮೆ ಬಲಕ್ಕೆ ತಿರುಗಿ ನೋಡುತ್ತಿದ್ದರು. ಆ ಬಲಗಡೆ ನಾನಿರುತ್ತಿದ್ದೆ. ನಾನು ನಾಯಿ. ಕೊಡಿಗೇಹಳ್ಳಿಯ ರೈಲ್ವೆ ಹಳಿಯ ಪಕ್ಕ ಹುಟ್ಟಿದ ಕಂತ್ರಿ ನಾಯಿ, ಅದಕ್ಕೆ ನನಗೇನೂ ನಾಚಿಕೆಯಿಲ್ಲ. ಆದರೆ ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ತಲೆಯಿಂದ ಮೂರು ಅಡಿ ಮೇಲೆ, ಅಲ್ಲಿ ಇನ್ಯಾವುದೋ ಪ್ರಾಣಿಯ ಮುಖವಿರುವ ಹಾಗೆ. ಮೊದಮೊದಲು ನನಗೆ ಇದರಿಂದ ಸಿಟ್ಟು ಬರುತ್ತಿತ್ತು.

ಗೋಕಾಕದ ಕಡೆಯವರು, ಹೆಸರು ಶಿವಲಿಂಗಪ್ಪ. ಸೈನ್ಯದಿಂದ ನಿವೃತ್ತರಾಗಿ ಯಲಹಂಕದ ಕಾಲೇಜೊಂದರ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕಿದ್ದರು. ಸುಶೀಲಮ್ಮನವರ ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ನಾವಿಬ್ಬರೇ. ಹೆಂಡತಿ ಮಕ್ಕಳ ಮಾತು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಹಬ್ಬಕ್ಕೂ ಯಾರೂ ಮೆಟ್ಟಿಲು ಹತ್ತಿ ಬರುತ್ತಿರಲಿಲ್ಲ. ಸಂಜೆ ಬಂದವರೇ ಬೂಟು ಬಿಚ್ಚುವ ಮೊದಲು ನನ್ನ ನಾಲ್ಕೂ ಕಾಲನ್ನು ಒಂದೊಂದಾಗಿ ಎತ್ತಿ, ಬೆರಳ ಸಂದಿಯಲ್ಲಿ ಕಲ್ಲು ಮುಳ್ಳು ಹುಡುಕುತ್ತಿದ್ದರು. "ಮದಲ ಜನಾವರದ ಕಾಲು ನೋಡಬೇಕ ತಮ್ಮಾ, ಆಮ್ಯಾಲ ನಮ್ಮ ಊಟ" ಎನ್ನುವರು. ನನ್ನ ಹೊಟ್ಟೆ ಚುರುಗುಟ್ಟುತ್ತಿದ್ದರೂ ಬಿಡುತ್ತಿರಲಿಲ್ಲ. ಮಹಾ ಹಟಮಾರಿ ಮನುಷ್ಯ.

ಪ್ರತಿವರ್ಷ ಜುಲೈ ಕೊನೆಯಲ್ಲಿ ಒಂದು ದಿನ ಬೆಳಗ್ಗೆ ಟ್ರಂಕು ತೆರೆಯುತ್ತಿದ್ದರು. ಕೋಣೆಯೆಲ್ಲ ನುಸಿಗುಳಿಗೆಯ ವಾಸನೆ. ಇಸ್ತ್ರಿ ಮಾಡಿದ ಕೋಟು, ಅದರ ಮೇಲೆ ಕಿಣಿಕಿಣಿ ಎನ್ನುವ ಪದಕಗಳು. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ನೆನೆಸಿದ ಕಡಲೆ, ಒಂದು ಉಂಡೆ ಬೆಲ್ಲ ಹಾಕಿ, ಗೋಡೆಯ ಬದಿ ಇಟ್ಟು ಸುಮ್ಮನೆ ನಿಲ್ಲುವರು. ಹೊತ್ತು ಕಳೆದ ಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸುವರು. ನನಗೆ ಕಡಲೆ ಸೇರುವುದಿಲ್ಲ. ಅವರ ಮುಖ ನೋಡಿಕೊಂಡು ತಿನ್ನುತ್ತಿದ್ದೆ.

ಅದು ಕಾರ್ಗಿಲ್ ವಿಜಯ ದಿವಸ. ಪಾರ್ಕಿನ ಹತ್ತಿರ ಶಾಮಿಯಾನ ಎದ್ದಿರುತ್ತಿತ್ತು. ಫ್ಲೆಕ್ಸಿನಲ್ಲಿ ಹವಾಲ್ದಾರರ ಮುಖ, ಕೆಳಗೆ ಬೇರೆ ಯಾರದೋ ಮೈ, ಆ ಮೈಗೆ ಒಂದು ದೊಡ್ಡ ಬಂದೂಕು. ನಾನು ವೇದಿಕೆಯ ಕೆಳಗೆ, ನೆರಳಿನಲ್ಲಿ ಮಲಗುತ್ತಿದ್ದೆ. ಬಡಾವಣೆ ಸಂಘದ ಕಾರ್ಯದರ್ಶಿ ಪ್ರತಿವರ್ಷ ಶಾಲು ಹೊದಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಎಷ್ಟು ಜನ ಶತ್ರುಗಳನ್ನ ಹೊಡೆದ್ರಿ, ಹೇಳಿ ಸಾರ್." ಹವಾಲ್ದಾರರು ನಕ್ಕು ಕುಳಿತುಬಿಡುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ಕೋಣೆಗೆ ಬಂದ ಮೇಲೆ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು: "ಎಲ್ಲಾರ ಹೆಸರು ಓದ್ತಾರ ತಮ್ಮಾ. ಚಂದ್ರೂಂದು ಒಬ್ಬರೂ ಓದಂಗಿಲ್ಲ. ಒಂದ ಸಲ, ನಾಕ ಮಂದಿ ಮುಂದ ಅಂವನ ಹೆಸರು ಅಂದ್ರ ಸಾಕು ನನಗ." ಬೇರೆ ಏನನ್ನೂ ಅವರು ಆಸೆಪಟ್ಟದ್ದು ನಾನು ಕಂಡಿಲ್ಲ.

ಒಂದು ವರ್ಷ ಧೈರ್ಯ ಮಾಡಿ ಚೀಟಿ ಬರೆದುಕೊಂಡು ಹೋದರು. ಕಾರ್ಯದರ್ಶಿ ಹುತಾತ್ಮರ ಪಟ್ಟಿ ಓದಿ, ಕೊನೆಗೆ ಚೀಟಿ ಬಿಡಿಸಿ, ಗಂಟಲು ಸರಿಮಾಡಿಕೊಂಡು, "ವೀರಯೋಧ ಚಂದ್ರು ಅವರು" ಎಂದರು. ಎಲ್ಲರೂ ಎದ್ದು ಎರಡು ನಿಮಿಷ ನಿಂತರು. ನಾನು ಕೆಳಗಿನಿಂದ ಕತ್ತೆತ್ತಿ ನೋಡಿದೆ. ಹವಾಲ್ದಾರರ ಗಲ್ಲದಿಂದ ಕಣ್ಣೀರು ಪದಕಗಳ ಮೇಲೆ ಬೀಳುತ್ತಿತ್ತು. ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

"ಚಂದ್ರು ಅವರು ಯಾವ ಊರಿನವ್ರು ಸಾರ್?" ಎಂದು ಕಾರ್ಯದರ್ಶಿ ಮೈಕನ್ನು ಮುಂದೆ ಹಿಡಿದರು.

ಯಾವುದೋ ಒಂದು ಊರು ಹೇಳಿ ಕೂರಬಹುದಿತ್ತು. ನಮ್ಮವರಿಗೆ ಸುಳ್ಳು ಬರುವುದಿಲ್ಲವಲ್ಲ.

"ಮನಷ್ಯಾ ಅಲ್ರೀ. ನನ್ನ ಹೇಸರಗತ್ತೆ. ನಾ ಬಂದೂಕ ಹಾರಿಸಿದಾವ ಅಲ್ರೀ, ಗುಡ್ಡದ ಮ್ಯಾಲಿದ್ದವ್ರಿಗೆ ಗುಂಡು, ನೀರು, ರೊಟ್ಟಿ ಮುಟ್ಟಸಾವ. ಏಳ ಸಲ ಹೇರು ಹೊತ್ತು ನನ್ನ ಜೋಡಿ ಏರಿತ್ರಿ ಅದು. ಎಂಟನೇ ಸಲ ಶೆಲ್ ಬಿತ್ತು. ಶೆಲ್ಲಿಗೂ ನನಗೂ ನಡುವ ಅದ ನಿಂತಿತ್ತು. ಅದಕ್ಕ ನಾ ಇವತ್ತ ಇಲ್ಲಿ ನಿಂತೇನ್ರಿ."

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಮುಂದಿನ ಸಾಲಿನಲ್ಲೊಬ್ಬರು ಎದ್ದು, "ಕತ್ತೆಗೋಸ್ಕರ ಎಬ್ಬಿಸಿ ನಿಲ್ಲಿಸಿದ್ರಲ್ರೀ ನಮ್ಮನ್ನ. ಹುತಾತ್ಮರಿಗೆ ಅವಮಾನ ಅಲ್ವಾ ಇದು?" ಎಂದರು. ಕಾರ್ಯದರ್ಶಿ ಬೆವರೊರೆಸಿಕೊಂಡು ಮೈಕು ಕಸಿದುಕೊಂಡರು. ನಮ್ಮವರು ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಕೆಳಗಿಳಿದರು. ಮನೆ ಸೇರಿ ನನ್ನ ಕಾಲು ನೋಡಿದರು, ಊಟ ಮಾತ್ರ ಮಾಡಲಿಲ್ಲ. ನನಗೆ ಆ ಜನರ ಮೇಲೆ ಕೆಟ್ಟ ಕೋಪ ಬಂತು. ಇವರಿಗೋಸ್ಕರವೇ ಸತ್ತ ಪ್ರಾಣಿಗೆ ಎರಡು ನಿಮಿಷ ನಿಂತರೆ ಇವರ ಗಂಟೇನು ಹೋಗುತ್ತಿತ್ತು?

ಅದಾದ ಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಬೀದಿಯಲ್ಲಿ ನಮಸ್ಕಾರ ಹೊಡೆಯುತ್ತಿದ್ದವರು ಮೊಬೈಲು ನೋಡಿಕೊಂಡು ದಾಟುತ್ತಿದ್ದರು. ಆ ದಿನ ಬಂದಾಗ ನಾವಿಬ್ಬರೇ ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ನಿಲ್ಲುತ್ತಿದ್ದೆವು. ಪಾರ್ಕಿನ ಮೈಕು ಅಲ್ಲಿಗೂ ಕೇಳಿಸುತ್ತಿತ್ತು. ಪಟ್ಟಿ ಮುಗಿದ ಮೇಲೆ ಅವರು ಸಣ್ಣ ದನಿಯಲ್ಲಿ "ಚಂದ್ರು" ಎನ್ನುತ್ತಿದ್ದರು. ಕೇಳಲು ನಾನೊಬ್ಬ.

ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಮೆಟ್ಟಿಲಿಳಿದರು. ಸುಶೀಲಮ್ಮ ಆಟೋ ಕರೆಸಿದ್ದರು. ಹತ್ತುವ ಮೊದಲು ಹವಾಲ್ದಾರರು ನನಗೆ "ಕುಂದ್ರ ತಮ್ಮಾ" ಎಂದರು. ಕುಳಿತೆ. ಮೂರನೆಯ ದಿನ ಸುಶೀಲಮ್ಮ ನನ್ನ ಮುಂದೆ ಹಾಲು ಅನ್ನ ಇಟ್ಟು, "ಹೋಗ್ಬಿಟ್ರು ಕಣೋ" ಎಂದು ಅತ್ತರು. ಈಗ ನಾನಿರುವುದು ಸುಶೀಲಮ್ಮನವರ ಜೊತೆ, ಕೆಳಗಿನ ಮನೆಯಲ್ಲಿ. ಮೇಲಿನ ಕೋಣೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ. ನನ್ನ ಕಾಲನ್ನು ಯಾರೂ ನೋಡುವುದಿಲ್ಲ.

ಈ ವರ್ಷವೂ ಶಾಮಿಯಾನ ಎದ್ದಿತು. ಸುಶೀಲಮ್ಮ ನನ್ನನ್ನೂ ಕರೆದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕುಳಿತರು. ಪಟ್ಟಿ ಮುಗಿಯಿತು, ಎಲ್ಲರೂ ಎದ್ದರು, ಎಲ್ಲ ಸುಮ್ಮನಾಯಿತು. ಚಂದ್ರುವಿನ ಹೆಸರು ಹೇಳುವವರು ಇರಲಿಲ್ಲ. ನನಗೆ ತಡೆಯಲಾಗಲಿಲ್ಲ, ಬೊಗಳಿದೆ.

"ಯಾರ್ದ್ರೀ ನಾಯಿ ಅದು, ಆಚೆ ಕಳ್ಸಿ" ಎಂದರು ಕಾರ್ಯದರ್ಶಿ.

"ಹವಾಲ್ದಾರ್ರ ನಾಯಿ ಕಣ್ರೀ, ಬೊಗಳ್ಲಿ ಬಿಡಿ" ಎಂದರು ಸುಶೀಲಮ್ಮ.

ನಾನು ಮತ್ತೆ ಬೊಗಳಿದೆ. ಹವಾಲ್ದಾರರು ಇದ್ದಿದ್ದರೆ ಎರಡನೆಯ ಸಲಕ್ಕೆ ತಲೆಯ ಮೇಲೆ ಕೈಯಿಟ್ಟು "ಸಾಕ ತಮ್ಮಾ" ಎನ್ನುತ್ತಿದ್ದರು. ಯಾರೂ ಸಾಕು ಎನ್ನಲಿಲ್ಲ. ಬೊಗಳುತ್ತಲೇ ಇದ್ದೆ.